‘ಮಹಿಳೆಯರಿಗೆ ಮಾತ್ರ’ ಅನ್ನೋ ಬಾಗಿಲಲ್ಲಿ ನಿಂತು ನೋಡೋದು ಯಾರು?

ಹೊಸ್ತಿಲು:
ನಾನು ಒಂದು ಮಹಿಳಾ ವಸತಿಗೃಹದ ಸಮಿತಿಯಲ್ಲಿದ್ದೇನೆ. ಕೆಲಸಕ್ಕೆ ಹೋಗುವ ಹೆಂಗಸರು ಇರುವ ಜಾಗ. ಹೆಚ್ಚಿನ ಕೋಣೆಗಳಲ್ಲಿ ಇಬ್ಬರು, ಮಹಡಿಗೊಂದು ಸಾಲು ಬಚ್ಚಲು. ಹೋದ ತಿಂಗಳು ಒಂದು ಅರ್ಜಿ ಬಂತು. ಹೆಸರು, ಕೆಲಸ, ಹಿಂದಿನ ವಿಳಾಸ ಎಲ್ಲ ಸರಿಯಾಗೇ ಇತ್ತು. ಕೊನೆಯಲ್ಲಿ ಅವರೇ ಕೈಯಾರೆ ಬರೆದಿದ್ದರು: "ನಾನು ಟ್ರಾನ್ಸ್ ಮಹಿಳೆ. ಸೇರಿಕೊಂಡ ಮೇಲೆ ಗೊತ್ತಾಗಿ ಗಲಾಟೆ ಆಗೋದು ಬೇಡ ಅಂತ ಮೊದಲೇ ಹೇಳ್ತಿದ್ದೇನೆ." (ಹುಟ್ಟಿದಾಗ ಗಂಡು ಅಂತ ಗುರುತಿಸಿದ್ದರೂ ತಾನು ಹೆಣ್ಣು ಅಂತ ಬದುಕುವವರು ಟ್ರಾನ್ಸ್ ಮಹಿಳೆ.) ಹೇಳದೇ ಇದ್ದಿದ್ದರೆ ಮರುದಿನವೇ ಬೀಗದ ಕೈ ಕೊಟ್ಟಿರುತ್ತಿದ್ದೆವು. ಹೇಳಿದ್ದಕ್ಕೆ ಅರ್ಜಿ ಮೂರು ವಾರದಿಂದ ಮೇಜಿನ ಮೇಲೆ ಬಿದ್ದಿದೆ. ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಚುಚ್ಚುತ್ತಿರೋದು ಇದೇ.

ಸಮಿತಿಯಲ್ಲಿ ಏಳು ಜನ. ಮೂವರು ಕೊಡೋಣ ಅಂತಾರೆ, ಮೂವರು ಬೇಡ ಅಂತಾರೆ. ಏಳನೆಯವಳು ನಾನು. ಬೇಡ ಅನ್ನುವವರು ಕೆಟ್ಟವರಲ್ಲ, ಕೊಡೋಣ ಅನ್ನುವವರೆಲ್ಲ ಅದೇ ಬಚ್ಚಲಿಗೆ ಹೋಗುವವರೂ ಅಲ್ಲ (ಇದನ್ನು ಸಭೆಯಲ್ಲೇ ಹೇಳಿ ಬೈಸಿಕೊಂಡೆ). ಇಂಥದ್ದನ್ನು ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ಹೇಳಿ. ಯಾರಾದರೂ ವಚನ ತಂದು ಹಾಕುವ ಮೊದಲೇ ಹೇಳಿಬಿಡ್ತೀನಿ: ಆತ್ಮಕ್ಕೆ ಹೆಣ್ಣು ಗಂಡು ಇಲ್ಲ ಅನ್ನೋದು ನನಗೂ ಒಪ್ಪಿಗೆ. ಬಚ್ಚಲಿಗೆ ಹೋಗೋದು ಆತ್ಮ ಅಲ್ಲವಲ್ಲ.

ಹಳೇಚಪ್ಪಲಿ:
ನಮ್ಮ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. ಗಂಡು ಗಂಡು, ಹೆಣ್ಣು ಹೆಣ್ಣು. ಬಾಗಿಲ ಮೇಲೆ ಬರೆದಿದ್ದನ್ನು ಓದಿ ಒಳಗೆ ಹೋಗ್ತಿದ್ದೆವು.

ನಿದ್ದೆಗೆಟ್ಟವ:
ಇತ್ತು ಸ್ವಾಮಿ. ನಿಮ್ಮ ತಲೆಗೆ ಬರಲಿಲ್ಲ, ನಮ್ಮ ತಲೆಯಲ್ಲೇ ಇತ್ತು.

ಕಾನೂನುಕೋಳಿ:
ಕಾಗದದಲ್ಲಿ ಏನಿದೆ ಅಂತ ಮೊದಲು ಕೂಗಿಬಿಡ್ತೀನಿ, ಆಮೇಲೆ ಜಗಳ ಆಡಿ.

ಭಾರತದ ಸುಪ್ರೀಂ ಕೋರ್ಟು ನಾಲ್ಸಾ ತೀರ್ಪು (ಟ್ರಾನ್ಸ್ ಜನರ ಹಕ್ಕಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಹೂಡಿದ್ದ ಕೇಸಿನದ್ದು) ಕೊಟ್ಟದ್ದು 2014ರ ಏಪ್ರಿಲ್ 15ರಂದು. ತಾನು ಯಾರು ಅಂತ ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕೋ ಹಾಗಿಲ್ಲ ಅಂತು. ಬ್ರಿಟನ್ನಿನ ಸುಪ್ರೀಂ ಕೋರ್ಟು 2025ರ ಏಪ್ರಿಲ್ 16ರಂದು ಹೇಳಿದ್ದು ಬೇರೆ: 2010ರ ಸಮಾನತಾ ಕಾಯ್ದೆಯಲ್ಲಿ ‘ಮಹಿಳೆ’ ಅಂದರೆ ಜೈವಿಕವಾಗಿ ಹೆಣ್ಣು, ಸರ್ಕಾರದ ಲಿಂಗತ್ವ ಪ್ರಮಾಣಪತ್ರ ಕೈಯಲ್ಲಿದ್ದರೂ ಆ ಅರ್ಥ ಬದಲಾಗೋಲ್ಲ. ಐವರು ನ್ಯಾಯಮೂರ್ತಿಗಳೂ ಒಮ್ಮತ. ಎರಡರ ನಡುವೆ ಹನ್ನೊಂದು ವರ್ಷ, ಒಂದು ದಿನ.

ಈಗ ತಮಾಷೆ ನೋಡಿ. ನಾಲ್ಸಾ ಹೆಸರೆತ್ತುವವರು ಮರೆಯೋದು ಏನು ಅಂದರೆ, ಟ್ರಾನ್ಸ್ ಜನರಿಗೆ ಪ್ರತ್ಯೇಕ ಸಾರ್ವಜನಿಕ ಶೌಚಾಲಯ ಕಟ್ಟಿಸಿ ಅಂತಲೂ ಅದೇ ತೀರ್ಪು ಸರ್ಕಾರಗಳಿಗೆ ಹೇಳಿತ್ತು. ಬ್ರಿಟನ್ ಹೆಸರೆತ್ತುವವರು ಮರೆಯೋದು, ಲಿಂಗ ಬದಲಾವಣೆಯ ಕಾರಣಕ್ಕೆ ತಾರತಮ್ಯ ಮಾಡಬಾರದು ಅನ್ನೋ ರಕ್ಷಣೆ ಆ ಕಾಯ್ದೆಯಲ್ಲಿ ಹಾಗೇ ಉಳಿದಿದೆ ಅಂತ ಆ ಕೋರ್ಟೇ ಒತ್ತಿ ಹೇಳಿದ್ದನ್ನು. ಎರಡೂ ಕಡೆಯವರು ತಮಗೆ ಬೇಕಾದ ಪುಟ ಮಾತ್ರ ಹರಕೊಂಡು ಓಡ್ತಾರೆ.

ನಿಮ್ಮ ಅರ್ಜಿ ವಿಷಯಕ್ಕೆ ಬಂದರೆ, ಟ್ರಾನ್ಸ್ ವ್ಯಕ್ತಿಗಳ ಹಕ್ಕು ರಕ್ಷಿಸುವ 2019ರ ಕಾಯ್ದೆಯ 3ನೇ ಕಲಮಿನಲ್ಲಿ ಬಾಡಿಗೆಗೆ ಇರುವ ಹಕ್ಕು ಕೂಡ ಸೇರಿದೆ. ಆದರೆ ‘ಮಹಿಳೆಯರಿಗೆ ಮಾತ್ರ’ ಅನ್ನೋ ಜಾಗದಲ್ಲಿ ಏನು ಮಾಡಬೇಕು ಅಂತ ಕಾಯ್ದೆ ಬಿಡಿಸಿ ಹೇಳಲಿಲ್ಲ. ಕೋರ್ಟುಗಳು ಒಬ್ಬೊಬ್ಬರದೇ ಪ್ರಕರಣ ನೋಡುತ್ತಾ ಬಂದಿವೆ. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಒಬ್ಬ ಟ್ರಾನ್ಸ್ ಮಹಿಳೆಗೆ ಮಹಿಳಾ ಮೀಸಲು ಗ್ರಾಮ ಪಂಚಾಯ್ತಿ ಸ್ಥಾನಕ್ಕೆ ನಿಲ್ಲಲು ಬಿಟ್ಟಿತು. ಅದೇ ವರ್ಷ ಮಾರ್ಚಿನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಎನ್‌ಸಿಸಿಯ ಹುಡುಗಿಯರ ವಿಭಾಗಕ್ಕೆ ಅರ್ಜಿ ಹಾಕಲು ಬಿಟ್ಟಿತು.

ಎರಡುಚಿಲಕ:
ಯಾರೂ ಬರೆಯದ ಒಂದು ಮಾತನ್ನು ನಾನು ಬರೀಬೇಕು. ಓದಿ ಬೈಯುವವರು ಬೈಯಿರಿ.

ಹತ್ತೊಂಬತ್ತನೇ ವಯಸ್ಸಿನಲ್ಲಿ ನನಗೆ ಏನಾಯ್ತು ಅಂತ ವಿವರಿಸಲಾರೆ. ಆಮೇಲೆ ಏಳು ತಿಂಗಳು ಹೆಂಗಸರೇ ನಡೆಸುವ ಒಂದು ಆಶ್ರಯದಲ್ಲಿದ್ದೆ. ಅಲ್ಲಿ ನಾನು ನಿದ್ದೆ ಮಾಡಿದೆ. ನಿದ್ದೆ ಅಂದರೆ ಕಣ್ಣು ಮುಚ್ಚೋದಲ್ಲ, ಹೆಜ್ಜೆ ಸಪ್ಪಳ ಕೇಳಿದರೂ ಏಳದೇ ಮಲಗೋದು. ಇವತ್ತಿಗೂ ಮೊಣಕೈವರೆಗಿನ ಒಂದು ಗಂಡಸಿನ ಕೈ, ಒಂದು ದಪ್ಪ ದನಿ, ಅಷ್ಟು ಸಾಕು, ಮೈ ತಾನೇ ಗೋಡೆಗೆ ಅಂಟಿಕೊಳ್ಳುತ್ತೆ. ಆ ಕೈ ಯಾರದ್ದು, ಅವರ ಮನಸ್ಸಿನಲ್ಲಿ ಅವರು ಯಾರು ಅಂತ ನನ್ನ ಮೈ ಕೇಳೋಲ್ಲ. ಅದಕ್ಕೆ ಕಾನೂನು ಗೊತ್ತಿಲ್ಲ.

ನಾನು ಟ್ರಾನ್ಸ್ ಹೆಂಗಸರನ್ನು ದ್ವೇಷಿಸೋಲ್ಲ. ಅವರಿಗೆ ಮನೆ ಬೇಕು, ಕೆಲಸ ಬೇಕು, ಹೊಡೆತ ತಿನ್ನದೇ ಬದುಕಬೇಕು. ಆದರೆ ‘ಅಲ್ಲಿ ಬರುವವರು ಯಾರು’ ಅಂತ ತೀರ್ಮಾನ ಮಾಡುವಾಗ ನನ್ನಂಥವಳನ್ನು ಒಮ್ಮೆಯೂ ಕೇಳದೇ, ಕೇಳಿದ್ದಕ್ಕೆ ‘ನಿನ್ನ ಮನಸ್ಸು ಸಣ್ಣದು’ ಅಂದರೆ ನಾನೆಲ್ಲಿಗೆ ಹೋಗಲಿ? ವ್ಯಾಂಕೂವರಿನಲ್ಲಿ 1995ರಲ್ಲೇ ಇದು ಎದ್ದಿತ್ತು. ಅತ್ಯಾಚಾರಕ್ಕೊಳಗಾದವರಿಗೆ ನೆರವು ಕೊಡುವ ಒಂದು ಕೇಂದ್ರ, ಟ್ರಾನ್ಸ್ ಮಹಿಳೆಯೊಬ್ಬರನ್ನು ಸಲಹೆಗಾರ್ತಿಯರ ತರಬೇತಿಯಿಂದ ಕಳಿಸಿತು. ಕೇಸು ವರ್ಷಗಟ್ಟಲೆ ನಡೆದು, 2007ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಮೇಲ್ಮನವಿ ಕೇಳಲು ಒಪ್ಪದೇ ಮುಗೀತು. ಕೇಂದ್ರವೇ ಗೆದ್ದಿತು. 2019ರಲ್ಲಿ ನಗರಾಡಳಿತ ಅದಕ್ಕೆ ಕೊಡುತ್ತಿದ್ದ ಅನುದಾನ ನಿಲ್ಲಿಸಿತು. ಗೆದ್ದರೂ ದುಡ್ಡಿಲ್ಲ ಅಂದರೆ ಅದು ಯಾವ ಗೆಲುವು?

ಸಂಜೆಮಲ್ಲಿಗೆ:
@ಎರಡುಚಿಲಕ, ಬೈಯೋಲ್ಲ. ನನ್ನ ಕೋಣೆಯ ಬಾಗಿಲಿಗೂ ಎರಡೇ ಚಿಲಕ.

ನಾನು ಟ್ರಾನ್ಸ್ ಮಹಿಳೆ. ಮನೆಯಿಂದ ಹೊರಗೆ ದಿನ ಕಳೆಯಬೇಕು ಅಂದರೆ ಬೆಳಿಗ್ಗೆಯಿಂದ ನೀರು ಕುಡಿಯದೇ ಇರೋದು ನನಗೆ ರೂಢಿ. ಕೆಲಸದ ಜಾಗದಲ್ಲಿ ಎರಡು ವರ್ಷ ಹಾಗೆ ಕಳೆದೆ. ಮೂತ್ರಕೋಶದ ಸೋಂಕು ಎಷ್ಟು ಸಲ ಬಂತು ಅಂತ ಲೆಕ್ಕ ಇಟ್ಟಿಲ್ಲ. ಗಂಡಸರ ಕಡೆ ಹೋದ ಒಂದು ಸಲ ಏನಾಯ್ತು ಅಂತ ನಾನೂ ವಿವರಿಸೋಲ್ಲ. ದೂರು ಕೊಡಲು ಹೋದೆ. ‘ನಿನಗೂ ಆಗುತ್ತಾ’ ಅಂತ ನಕ್ಕರು. 2019ರ ಕಾಯ್ದೆ ಬರೆದಾಗ ನಮ್ಮ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವನಿಗೆ ಇಟ್ಟ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠವೇ ಹತ್ತು ವರ್ಷ. ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ, ನಮ್ಮ ಮೈಗೆ ಎಷ್ಟು ಬೆಲೆ ಅಂತ ತಿಳಿಯುತ್ತೆ.

ನೀವು ಹೆದರೋದು ಗಂಡಸರಿಗೆ. ನಾನು ಹೆದರೋದೂ ಗಂಡಸರಿಗೇ. ನಿಮ್ಮ ಮೈ ನನ್ನನ್ನು ನೋಡಿ ಹೆದರಿದರೆ ಅದು ನಿಮ್ಮ ತಪ್ಪಲ್ಲ. ಆದರೆ ಅದು ನನ್ನ ತಪ್ಪೂ ಅಲ್ಲ, ಅಲ್ವಾ? ಇಬ್ಬರ ತಪ್ಪೂ ಅಲ್ಲದ್ದಕ್ಕೆ ಒಬ್ಬಳು ಮಾತ್ರ ಹೊರಗೆ ನಿಲ್ಲಬೇಕು ಅಂದಾಗ ನನಗೆ ಮಾತು ಹೊರಡೋಲ್ಲ.

ಎರಡುಚಿಲಕ:
ತಪ್ಪು ಯಾರದ್ದೂ ಅಲ್ಲ ಅನ್ನೋದು ಸರಿ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಆ ಆಶ್ರಯ ಹಾಗೇ ಇರಲಿ ಅಂತಲೇ ನನ್ನ ಮನಸ್ಸು ಹೇಳುತ್ತೆ. ಸುಳ್ಳು ಹೇಳಲಾರೆ.

ಹಳೇಚಪ್ಪಲಿ:
ಇಷ್ಟೆಲ್ಲ ಯಾಕೆ? ಮೂರನೇದು ಒಂದು ಕಟ್ಟಿಸಿ. ಕೋರ್ಟೇ ಹೇಳಿದೆಯಂತಲ್ಲ. ಎಲ್ಲರಿಗೂ ನೆಮ್ಮದಿ.

ಸಂಜೆಮಲ್ಲಿಗೆ:
ಕಟ್ಟಿಸಿದ್ದನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಬಾಗಿಲ ಮೇಲೆ ಚಿತ್ರ ಬರೆದಿದ್ದರು, ಬೀಗ ಹಾಕಿದ್ದರು, ಒಳಗೆ ಪೊರಕೆ ಬಕೆಟ್ಟು ಇಟ್ಟಿದ್ದರು. ಬೀಗದ ಕೈ ಕೇಳಬೇಕು ಅಂದರೆ ಅಲ್ಲಿದ್ದ ಹತ್ತು ಜನರ ಎದುರು ‘ನಾನು ಇಂಥವಳು’ ಅಂತ ಸಾರಬೇಕು. ತೆರೆದಿದ್ದ ಕಡೆಯೂ ಅಷ್ಟೇ, ಆ ಬಾಗಿಲು ತಳ್ಳಿದ ಕ್ಷಣ ಎಲ್ಲರ ಕಣ್ಣು ತಿರುಗುತ್ತೆ. ಮೂರನೇ ಬಾಗಿಲು ಬೇಕು ಅನ್ನುವವರು ನಮ್ಮಲ್ಲೂ ಇದ್ದಾರೆ, ಬೇಡ ಅನ್ನೋಲ್ಲ. ಆದರೆ ಅದೊಂದೇ ಅಂದರೆ, ಅದು ಬಾಗಿಲಲ್ಲ, ಬೋರ್ಡು.

ಕಾನೂನುಕೋಳಿ:
ಸೇರಿಸ್ತೀನಿ. ಸ್ವಚ್ಛ ಭಾರತದ 2017ರ ಮಾರ್ಗಸೂಚಿಯಲ್ಲಿ ತೃತೀಯ ಲಿಂಗಿಗಳು ತಮಗೆ ಸರಿ ಅನಿಸಿದ ಕಡೆಯ, ಗಂಡಸರದ್ದೋ ಹೆಂಗಸರದ್ದೋ, ಸಾರ್ವಜನಿಕ ಶೌಚಾಲಯ ಬಳಸಬಹುದು ಅಂತಿದೆ. ಬಾಗಿಲ ಮುಂದೆ ಕೂತವನಿಗೆ ಅದು ಗೊತ್ತಿರಬೇಕಷ್ಟೆ.

ಗೋಡೆಗಣಿತ:
ನಾನು ಕಟ್ಟಡಗಳ ನಕ್ಷೆ ಬರೆಯುವವನು. ಹಕ್ಕಿನ ಮಾತು ಬಲ್ಲವರಿಗೆ ಬಿಟ್ಟು ಗೋಡೆಯ ಮಾತು ಆಡ್ತೀನಿ.

ನಮ್ಮಲ್ಲಿ ಹೆಚ್ಚಿನ ಸಾರ್ವಜನಿಕ ಶೌಚಾಲಯದಲ್ಲಿ ಒಳಗಿನ ತಡಿಕೆ ನೆಲಕ್ಕೆ ಮುಟ್ಟೋಲ್ಲ, ಮೇಲೆ ಸೂರಿಗೂ ಮುಟ್ಟೋಲ್ಲ. ಗುಡಿಸೋಕೆ ಸುಲಭ, ಗಾಳಿಗೆ ಸುಲಭ, ಖರ್ಚೂ ಕಡಿಮೆ. ಆ ಸಂದನ್ನು ಮುಚ್ಚಲು ಸಿಮೆಂಟಿನ ಬದಲು ನಾವು ಬಳಸಿದ್ದು ‘ಮಹಿಳೆಯರು’ ಅನ್ನೋ ಬೋರ್ಡು. ಖಾಸಗಿತನ ಕೊಡಬೇಕಾದ್ದು ಗೋಡೆ, ನಾವು ಆ ಕೆಲಸವನ್ನು ನಂಬಿಕೆಗೆ ವಹಿಸಿದ್ದೇವೆ. ನೆಲದಿಂದ ಸೂರಿನವರೆಗೆ ಗೋಡೆ, ಗಟ್ಟಿ ಬಾಗಿಲು, ಒಳಗೇ ಕೈ ತೊಳೆಯುವ ಬೇಸಿನ್ನು, ಬಾಗಿಲು ನೇರ ಜನ ಓಡಾಡುವ ಕಡೆ ತೆರೆಯೋ ಹಾಗೆ ಕಟ್ಟಿದರೆ ಪಕ್ಕದ ಗೂಡಿನಲ್ಲಿ ಯಾರಿದ್ದಾರೆ ಅನ್ನೋದು ಯಾರಿಗೂ ಬೇಡದ ವಿಷಯ ಆಗುತ್ತೆ. ಮನೆಯಲ್ಲಿ, ವಿಮಾನದಲ್ಲಿ ಆಗಿರೋ ಹಾಗೆ. ತೊಡಕೂ ಇದೆ, ಮುಚ್ಚಿಡೋಲ್ಲ: ಜಾಗ ಜಾಸ್ತಿ ಬೇಕು, ಒಳಗೆ ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದರೆ ಹೊರಗಿನವರಿಗೆ ಕಾಣೋಲ್ಲ, ಹಾಗಾಗಿ ಹೊರಗಿನಿಂದ ತೆಗೆಯಬಹುದಾದ ಚಿಲಕ ಬೇಕು.

ಇನ್ನೊಂದು. ಹೆಣ್ಣು ಗಂಡಿಗೆ ಬೇರೆ ಶೌಚಾಲಯ ಅನ್ನೋದು ಆದಿಕಾಲದ್ದು ಅಂತ ಅಂದುಕೊಂಡಿರ್ತೀವಿ. ಅಮೆರಿಕದಲ್ಲಿ ಅದನ್ನು ಕಡ್ಡಾಯ ಮಾಡಿದ ಮೊದಲ ರಾಜ್ಯ ಮ್ಯಾಸಚೂಸೆಟ್ಸ್, 1887ರಲ್ಲಿ. ಕಾರಣ ಕಾರ್ಖಾನೆಗಳು. ಹೆಂಗಸರು ಅಲ್ಲಿ ಕೆಲಸಕ್ಕೆ ಬಂದಾಗ ಅವರಿಗೊಂದು ಜಾಗ ಬೇಕಾಯ್ತು. ಜಾಗ ಸಿಕ್ಕಿದ್ದರಿಂದ ಅವರು ಹೊರಗೆ ದುಡಿಯಲಾಯ್ತು. ಹಾಗಾಗಿ ಅದನ್ನು ‘ಸುಮ್ಮನೆ ಒಂದು ಬೋರ್ಡು’ ಅಂತ ತಳ್ಳಿಹಾಕುವವರ ಜೊತೆಗೂ ನಾನಿಲ್ಲ.

ನಿದ್ದೆಗೆಟ್ಟವ:
ನಾನು ಟ್ರಾನ್ಸ್ ಪುರುಷ. ಈ ಚರ್ಚೆಯಲ್ಲಿ ನಮ್ಮನ್ನು ಯಾರೂ ನೆನೆಯೋಲ್ಲ, ಒಂದು ರೀತಿ ಅದೂ ಹಾಯಾಗಿದೆ.

‘ಹುಟ್ಟಿದ ಲಿಂಗದ ಪ್ರಕಾರ ಹೋಗಿ’ ಅನ್ನುವವರಿಗೆ ಒಂದು ಚಿತ್ರ ಕೊಡ್ತೀನಿ. ನನಗೆ ಎದೆವರೆಗೆ ಅಲ್ಲದಿದ್ದರೂ ಮುಖ ತುಂಬ ಗಡ್ಡ ಇದೆ. ದನಿ ನಿಮ್ಮಲ್ಲಿ ಹಲವರಿಗಿಂತ ದಪ್ಪ. ನಿಮ್ಮ ನಿಯಮದ ಪ್ರಕಾರ ನಾನು ಹೆಂಗಸರ ಬಚ್ಚಲಿಗೆ ಹೋಗಬೇಕು. ಎರಡುಚಿಲಕ ಅವರು ಅಲ್ಲಿದ್ದರೆ ಏನಾಗುತ್ತೆ ಹೇಳಿ? ಅವರು ಕಿರುಚುತ್ತಾರೆ, ಜನ ನನ್ನನ್ನು ಹೊಡೀತಾರೆ, ಇಬ್ಬರದೂ ತಪ್ಪಿಲ್ಲ. ಬ್ರಿಟನ್ನಿನ ಆ ತೀರ್ಪಿನಲ್ಲೇ ಇದಕ್ಕೊಂದು ಪ್ಯಾರಾ ಇದೆ. ನನ್ನಂಥವರು ಕಾನೂನಿನಲ್ಲಿ ಹೆಂಗಸರೇ ಆದರೂ, ಗಂಡಸಿನ ರೂಪ ನೋಡಿ ಬೇರೆಯವರಿಗೆ ನ್ಯಾಯವಾದ ಆಕ್ಷೇಪ ಇದ್ದರೆ ಹೆಂಗಸರ ಜಾಗದಿಂದಲೂ ಹೊರಗಿಡಬಹುದಂತೆ. ಅಲ್ಲಿಗೆ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಕೊನೆಗೆ ಎಲ್ಲರೂ ನೋಡೋದು ಮುಖವನ್ನೇ, ಮತ್ತೆ ಜೈವಿಕ ಜೈವಿಕ ಅಂತ ಯಾಕೆ ಹಾಡ್ತೀರಿ?

ಹಳೇಚಪ್ಪಲಿ:
ಇದು ನನಗೆ ಹೊಳೆದಿರಲಿಲ್ಲ. ಒಪ್ಪಿದೆ ಅಂತಲ್ಲ. ಹೊಳೆದಿರಲಿಲ್ಲ.

ಎರಡನೇಪಾಳಿ:
ಆಸ್ಪತ್ರೆಯಲ್ಲಿ ನರ್ಸು. ವಾರ್ಡಿನಲ್ಲಿ ಇದನ್ನು ನಾವು ಪರದೆ ಎಳೆದು, ಹಾಸಿಗೆ ಅತ್ತಿತ್ತ ಮಾಡಿ, ಪಕ್ಕದವರನ್ನು ಮೆಲ್ಲಗೆ ಕೇಳಿ ನಿಭಾಯಿಸ್ತೀವಿ. ಬರೆದ ನಿಯಮ ಇಲ್ಲ. ಒಳ್ಳೆ ನರ್ಸು ಪಾಳಿಯಲ್ಲಿದ್ದರೆ ರೋಗಿಯ ಪುಣ್ಯ. ಪಾಳಿ ಬದಲಾದರೆ ಪುಣ್ಯವೂ ಬದಲು.

ಗೆರೆದಾಟಬೇಡಿ:
ಎಲ್ಲರೂ ಮನ ಕರಗುವ ಹಾಗೆ ಬರೀತಿದ್ದೀರಿ, ಜೈಲಿನ ಮಾತು ಮಾತ್ರ ಯಾರೂ ಎತ್ತುತ್ತಿಲ್ಲ. 2023ರ ಜನವರಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದು ಸಾಬೀತಾದವನನ್ನು ಹೆಂಗಸರ ಜೈಲಿಗೆ ಕಳಿಸಿದರು. ಅಪರಾಧ ಮಾಡಿದಾಗ ಗಂಡಸು, ಕಟಕಟೆಗೆ ಬರುವ ಹೊತ್ತಿಗೆ ಹೆಂಗಸು. ಊರೆಲ್ಲ ಬೊಬ್ಬೆ ಎದ್ದ ಮೇಲೆ ಕೆಲವೇ ದಿನದಲ್ಲಿ ಗಂಡಸರ ಜೈಲಿಗೆ ಸಾಗಿಸಿ, ನಿಯಮವನ್ನೂ ಬಿಗಿ ಮಾಡಿದರು. ಬೊಬ್ಬೆ ಏಳದಿದ್ದರೆ? ಒಳಗಿದ್ದ ಹೆಂಗಸರಿಗೆ ಬೇರೆ ಬಾಗಿಲು ಹುಡುಕಿಕೊಂಡು ಹೋಗುವ ಸ್ವಾತಂತ್ರ್ಯ ಇತ್ತಾ? ‘ನಾನು ಹೆಂಗಸು’ ಅಂತ ಬಾಯಲ್ಲಿ ಹೇಳಿದರೆ ಸಾಕು ಅನ್ನುವವರು ಇದಕ್ಕೆ ಉತ್ತರ ಕೊಡಿ.

ಕಾನೂನುಕೋಳಿ:
ಪ್ರಶ್ನೆ ನ್ಯಾಯವಾದದ್ದೇ. ಜೈಲಿನಲ್ಲಿ ಬಾಯಿಮಾತು ಸಾಲದು, ಪ್ರತಿಯೊಬ್ಬರ ಅಪರಾಧದ ಹಿನ್ನೆಲೆ ನೋಡಲೇಬೇಕು ಅಂತ ನನ್ನ ಅಭಿಪ್ರಾಯ ಕೂಡ. ಸಂಜೆಮಲ್ಲಿಗೆಯವರು ಬೇಸರ ಮಾಡಿಕೊಂಡರೂ ಹೇಳ್ತೀನಿ.

ಆದರೆ ಇನ್ನೊಂದು ಮಗ್ಗುಲು. ಅಮೆರಿಕದ ಸುಪ್ರೀಂ ಕೋರ್ಟು 1994ರಲ್ಲಿ ಫಾರ್ಮರ್ ವಿರುದ್ಧ ಬ್ರೆನನ್ ಅನ್ನೋ ಪ್ರಕರಣ ತೀರ್ಮಾನಿಸಿತು. ಟ್ರಾನ್ಸ್ ಮಹಿಳೆಯೊಬ್ಬರನ್ನು ಗಂಡಸರ ಜೈಲಿನಲ್ಲಿ ಎಲ್ಲರ ನಡುವೆ ಬಿಟ್ಟಿದ್ದರು. ತನ್ನ ಮೇಲೆ ಅಲ್ಲಿ ಅತ್ಯಾಚಾರವಾಯ್ತು ಅಂತ ಅವರು ದಾವೆ ಹೂಡಿದರು. ಅಪಾಯ ಇದೆ ಅಂತ ಗೊತ್ತಿದ್ದೂ ಅಧಿಕಾರಿಗಳು ಕಣ್ಣುಮುಚ್ಚಿ ಕೂತರೆ ಅದು ಸಂವಿಧಾನ ವಿರೋಧಿ ಅಂತ ಕೋರ್ಟು ಹೇಳಿತು. ಅಮೆರಿಕದಲ್ಲಿ ಇವತ್ತು ಯಾವ ಕೈದಿ ಜೈಲಿನೊಳಗಿನ ಹಿಂಸೆ ಬಗ್ಗೆ ದಾವೆ ಹೂಡಿದರೂ, ಗಂಡಾಗಲಿ ಹೆಣ್ಣಾಗಲಿ, ಅವರ ವಕೀಲರು ಎತ್ತೋದು ಆ ತೀರ್ಪನ್ನೇ. ಭಾರತದ ಗೃಹ ಸಚಿವಾಲಯ 2022ರ ಜನವರಿಯಲ್ಲಿ ರಾಜ್ಯಗಳಿಗೆ ಬರೆದ ಸಲಹೆ ಬೇರೆ ದಾರಿ ಹಿಡಿದಿದೆ: ಟ್ರಾನ್ಸ್ ಪುರುಷರಿಗೂ ಟ್ರಾನ್ಸ್ ಮಹಿಳೆಯರಿಗೂ ಬೇರೆ ಬೇರೆ ಆವರಣ, ಆದರೆ ಅದು ಏಕಾಂತವಾಸ ಆಗಬಾರದು. ಓದೋಕೆ ಚೆನ್ನಾಗಿದೆ. ಒಂದು ಜೈಲಿನಲ್ಲಿ ಅಂಥವರು ಒಬ್ಬರೇ ಇದ್ದರೆ ‘ಪ್ರತ್ಯೇಕ ಆವರಣ’ ಮತ್ತೆ ‘ಏಕಾಂತ’ ಎರಡರ ನಡುವೆ ಏನು ವ್ಯತ್ಯಾಸ ಅಂತ ಸಲಹೆ ಬರೆದವರನ್ನೇ ಕೇಳಬೇಕು.

ಗೆರೆದಾಟಬೇಡಿ:
ಸರಿ, ಜೈಲಿಗೆ ಒಪ್ಪಿದಿರಿ. ಅದೇ ಎಚ್ಚರ ವಸತಿಗೃಹಕ್ಕೆ, ಶೌಚಾಲಯಕ್ಕೆ ಯಾಕೆ ಬೇಡ?

ಕಾನೂನುಕೋಳಿ:
ಜೈಲಿನಲ್ಲಿ ಇರುವವರೆಲ್ಲರ ಕಡತ ಕೈಯಲ್ಲಿದೆ, ಯಾರೂ ಎದ್ದು ಹೋಗೋ ಹಾಗಿಲ್ಲ. ಶೌಚಾಲಯದಲ್ಲಿ ಎರಡೂ ಇಲ್ಲ. ಅಲ್ಲಿ ನಿಯಮ ಮಾಡಿದರೂ ನೋಡುವವರು ಯಾರು? ನಾರ್ತ್ ಕ್ಯಾರೊಲೈನಾ 2016ರ ಮಾರ್ಚಿನಲ್ಲಿ ಸರ್ಕಾರಿ ಕಟ್ಟಡಗಳಲ್ಲಿ ಜನನ ಪ್ರಮಾಣಪತ್ರದ ಪ್ರಕಾರವೇ ಶೌಚಾಲಯ ಬಳಸಬೇಕು ಅಂತ ಕಾನೂನು ಮಾಡಿತು. ಪ್ರಮಾಣಪತ್ರ ಜೇಬಲ್ಲಿಟ್ಟುಕೊಂಡು ಮೂತ್ರಕ್ಕೆ ಹೋಗುವವರನ್ನು ನೋಡಿದ್ದೀರಾ? ಬಾಸ್ಕೆಟ್‌ಬಾಲಿನ ದೊಡ್ಡ ಪಂದ್ಯವೇ ಆ ರಾಜ್ಯ ಬಿಟ್ಟು ನ್ಯೂ ಆರ್ಲಿಯನ್ಸಿಗೆ ಹೋಯ್ತು, ಮರುವರ್ಷ ಮಾರ್ಚಿನಲ್ಲಿ ಆ ಭಾಗವನ್ನು ಹಿಂದಕ್ಕೆ ತೆಗೆದುಕೊಂಡರು. ಮ್ಯಾಸಚೂಸೆಟ್ಸಿನಲ್ಲಿ ಟ್ರಾನ್ಸ್ ಜನರಿಗೆ ಅವಕಾಶ ಕೊಟ್ಟ ಊರುಗಳನ್ನೂ ಕೊಡದ ಊರುಗಳನ್ನೂ ಹೋಲಿಸಿ 2018ರಲ್ಲಿ ಒಂದು ಅಧ್ಯಯನ ಬಂತು. ಅವಕಾಶ ಕೊಟ್ಟಿದ್ದರಿಂದ ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳಲ್ಲಿ ಅಪರಾಧ ಹೆಚ್ಚಿದ್ದು ಕಾಣಲಿಲ್ಲ.

ಗೆರೆದಾಟಬೇಡಿ:
ಒಂದು ರಾಜ್ಯದ ಒಂದು ಅಧ್ಯಯನ. ಪೊಲೀಸರಿಗೆ ದೂರು ಹೋದ ಪ್ರಕರಣ ಮಾತ್ರ ಲೆಕ್ಕಕ್ಕೆ ಬರುತ್ತೆ. ಹೆದರಿ ಆ ಕಡೆ ಹೋಗೋದನ್ನೇ ಬಿಟ್ಟವರು ಯಾವ ಲೆಕ್ಕಕ್ಕೆ?

ಸಂಜೆಮಲ್ಲಿಗೆ:
ಆ ಲೆಕ್ಕದಲ್ಲಿ ನಮ್ಮನ್ನೂ ಬರೆದುಕೊಳ್ಳಿ.

ಓಟಗಾರ್ತಿ800:
ನನ್ನದು ಬೇರೆ ಮೈದಾನ, ಆದರೆ ‘ನೋಡುವವರು ಯಾರು’ ಅನ್ನೋ ಮಾತು ಕೇಳಿ ಬರೆಯದೇ ಇರಲಾಗಲಿಲ್ಲ.

ನಾನು ಎಂಟುನೂರು ಮೀಟರ್ ಓಡುತ್ತಿದ್ದೆ. ಓಟದಲ್ಲಿ ಗಂಡು ಹೆಣ್ಣಿನ ನಡುವೆ ಹತ್ತರಿಂದ ಹನ್ನೆರಡು ಶೇಕಡ ಅಂತರ ಇದೆ. ಅದು ಬರೋದು ಹರೆಯದಲ್ಲಿ, ಟೆಸ್ಟೋಸ್ಟಿರೋನ್ ಅನ್ನೋ ಹಾರ್ಮೋನಿನಿಂದ. ಎಲುಬು, ಹೃದಯ, ಎತ್ತರ, ಒಮ್ಮೆ ಬೆಳೆದದ್ದು ಮಾತ್ರೆ ನುಂಗಿದರೆ ಪೂರ್ತಿ ಹಿಂದೆ ಹೋಗೋಲ್ಲ. ಹೆಣ್ಣಿನ ವಿಭಾಗ ಇರುವುದೇ ಆ ಅಂತರಕ್ಕಾಗಿ. ಅದಕ್ಕೇ ಈಜಿನ ಜಾಗತಿಕ ಸಂಸ್ಥೆ 2022ರಲ್ಲಿ, ಅಥ್ಲೆಟಿಕ್ಸಿನ ಜಾಗತಿಕ ಸಂಸ್ಥೆ 2023ರಲ್ಲಿ ಗಂಡಿನ ಹರೆಯ ದಾಟಿದ ಟ್ರಾನ್ಸ್ ಮಹಿಳೆಯರನ್ನು ಹೆಣ್ಣಿನ ವಿಭಾಗದಿಂದ ಹೊರಗಿಟ್ಟಾಗ ನಾನು ಸರಿ ಅಂದೆ. ಈಗಲೂ ಅದೇ ಅಂತೀನಿ. ಪದಕ ಗಳಿಸೋದು ಮಾನವ ಹಕ್ಕಲ್ಲ, ನನಗೂ ಅಲ್ಲ.

ಆದರೆ ನಿಯಮ ಬಂದ ಹಿಂದೆಯೇ ಪರೀಕ್ಷೆ ಬರುತ್ತೆ. ಪರೀಕ್ಷೆ ಬಂದಾಗ ಸಿಕ್ಕಿಬೀಳೋದು ಯಾರು ಗೊತ್ತಾ? 1968ರ ಮೆಕ್ಸಿಕೋ ಒಲಿಂಪಿಕ್ಸಿನಿಂದ 1990ರ ದಶಕದ ಕೊನೆವರೆಗೆ ಪ್ರತಿ ಹೆಣ್ಣಿನ ಪರೀಕ್ಷೆ ಆಗ್ತಿತ್ತು. 1996ರ ಅಟ್ಲಾಂಟಾದಲ್ಲಿ 3,387 ಹೆಂಗಸರನ್ನು ಪರೀಕ್ಷಿಸಿದರು, ಎಂಟು ಜನರ ಫಲಿತಾಂಶ ‘ಬೇರೆ’ ಬಂತು. ಎಂಟೂ ಜನ ಹೆಣ್ಣಾಗಿಯೇ ಹುಟ್ಟಿ ಬೆಳೆದವರು, ವರ್ಣತಂತು ಮಾತ್ರ ಬೇರೆ. ಎಂಟೂ ಜನರಿಗೆ ಓಡಲು, ಆಡಲು ಬಿಟ್ಟರು. ಅಷ್ಟು ಪರೀಕ್ಷೆಯಲ್ಲಿ ವೇಷ ಹಾಕಿಕೊಂಡು ಬಂದ ಗಂಡಸು ಒಬ್ಬನೂ ಸಿಗಲಿಲ್ಲ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ 800 ಮೀಟರಿನ ಬೆಳ್ಳಿ ಗೆದ್ದ ಶಾಂತಿ ಸೌಂದರರಾಜನ್ ಅವರಿಂದ ಪದಕ ಕಿತ್ತುಕೊಂಡರು. 2014ರಲ್ಲಿ ಓಟಗಾರ್ತಿ ದ್ಯುತಿ ಚಂದ್ ಅವರನ್ನು, ಟೆಸ್ಟೋಸ್ಟಿರೋನ್ ಮಿತಿಯ ನಿಯಮ ತೋರಿಸಿ, ತಂಡದಿಂದ ಕೈಬಿಟ್ಟರು, ಅವರು ಹೋರಾಡಿ 2015ರಲ್ಲಿ ಆ ನಿಯಮವನ್ನೇ ತಡೆಹಿಡಿಸಿದರು. ಇಬ್ಬರೂ ಟ್ರಾನ್ಸ್ ಅಲ್ಲ. 2025ರ ಸೆಪ್ಟೆಂಬರಿನಿಂದ ಜಾಗತಿಕ ಮಟ್ಟದಲ್ಲಿ ಓಡುವ ಪ್ರತಿ ಹೆಣ್ಣೂ ಜೀವಮಾನದಲ್ಲಿ ಒಮ್ಮೆ ಎಸ್‌ಆರ್‌ವೈ ಜೀನ್ (ಸಾಮಾನ್ಯವಾಗಿ ಗಂಡಿನ ವೈ ವರ್ಣತಂತುವಿನಲ್ಲಿ ಇರೋದು) ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆನ್ನೆಯ ಒಳಗಿಂದ ಒಂದು ಹತ್ತಿಕಡ್ಡಿ, ಅಷ್ಟೇ ಅಂತಾರೆ.

ಅಷ್ಟೇ ಅಲ್ಲ. ನನಗೆ ಹದಿನೇಳು ವರ್ಷ. ಎದೆ ಚಪ್ಪಟೆ, ತುಟಿ ಮೇಲೆ ಸ್ವಲ್ಪ ಕೂದಲು. ಸೋತ ಹುಡುಗಿಯ ಕೋಚ್ ಒಬ್ಬರು ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಿದರು. ನನ್ನನ್ನು ಒಂದು ಕೋಣೆಗೆ ಕರೆದರು. ಅಲ್ಲಿ ಏನಾಯ್ತು ಅಂತ ನನ್ನ ಅಮ್ಮನಿಗೂ ಹೇಳಿಲ್ಲ. ‘ಹೆಣ್ಣೇ’ ಅಂತ ಬರೆದುಕೊಟ್ಟರು. ಆ ಕಾಗದ ಇವತ್ತಿಗೂ ಇದೆ. ಹೆಂಗಸರನ್ನು ಕಾಪಾಡೋಕೆ ಮಾಡಿದ ನಿಯಮದಿಂದ ನನಗೆ ಸಿಕ್ಕಿದ್ದು ಅದು. ನಿಯಮ ಬೇಕು ಅಂತಲೂ ನಾನೇ ಹೇಳ್ತಿದ್ದೀನಿ, ಆ ಕೋಣೆ ಬೇಡ ಅಂತಲೂ ನಾನೇ ಹೇಳ್ತಿದ್ದೀನಿ. ಎರಡನ್ನೂ ಹೇಗೆ ಜೋಡಿಸೋದು ಗೊತ್ತಿದ್ದರೆ ಯಾರಾದರೂ ಹೇಳಿ.

ನಿದ್ದೆಗೆಟ್ಟವ:
🙏

ಎರಡುಚಿಲಕ:
ಓಟಗಾರ್ತಿ, ನಿಮ್ಮದನ್ನು ಮೂರು ಸಲ ಓದಿದೆ.

ಪದಕೋಶಪ್ರಿಯ:
ನಡುವೆ ಮೂಗು ತೂರಿಸ್ತೀನಿ. ಕನ್ನಡದಲ್ಲಿ ಮೊನ್ನೆ ಮೊನ್ನೆವರೆಗೆ ಎರಡಕ್ಕೂ ಒಂದೇ ಪದ, ಲಿಂಗ. ಮೈಯದ್ದೂ ಅದೇ, ಸಮಾಜ ಕೊಟ್ಟದ್ದೂ ಅದೇ, ವ್ಯಾಕರಣದ್ದೂ ಅದೇ. ‘ಲಿಂಗತ್ವ’ ಅಂತ ಬೇರೆ ಮಾಡಿದ್ದು ಈಚೆಗೆ. ವ್ಯಾಕರಣ ಮಾತ್ರ ಜಾಣತನ ತೋರಿಸಿದೆ: ಬಹುವಚನಕ್ಕೆ ಬಂದರೆ ‘ಅವನು’, ‘ಅವಳು’ ಎರಡೂ ‘ಅವರು’ ಆಗ್ತಾರೆ. ಮರ್ಯಾದೆ ಕೊಟ್ಟು ಮಾತಾಡಿದರೆ ಕನ್ನಡದಲ್ಲಿ ಯಾರ ಲಿಂಗವೂ ಗೊತ್ತಾಗೋಲ್ಲ. ಗೆರೆದಾಟಬೇಡಿ ಅವರು ಗಂಡೋ ಹೆಣ್ಣೋ ನನಗೆ ಇನ್ನೂ ತಿಳಿದಿಲ್ಲ.

ಗೆರೆದಾಟಬೇಡಿ:
ತಿಳಿಯೋ ಅಗತ್ಯ ಇಲ್ಲ. (ಹೆಣ್ಣು. ಎರಡು ಹೆಣ್ಣುಮಕ್ಕಳ ತಾಯಿ. ಅದಕ್ಕೇ ಇಷ್ಟು ಗಲಾಟೆ.)

ಹೊಸ್ತಿಲು:
ನಾಲ್ಕು ದಿನ ಎಲ್ಲ ಓದಿದೆ. ಆದದ್ದು ಹೇಳ್ತೀನಿ.

ಸಭೆಯಲ್ಲಿ ಕೈ ಎತ್ತುವ ಮೊದಲು ಒಂದು ಕೆಲಸ ಮಾಡಿದೆವು. ಎರಡುಚಿಲಕ ಅವರು ‘ನನ್ನನ್ನು ಒಮ್ಮೆಯೂ ಕೇಳಲಿಲ್ಲ’ ಅಂದದ್ದು ತಲೆಯಲ್ಲಿತ್ತು. ಇರುವವರೆಲ್ಲರಿಗೂ ಒಂದೊಂದು ಖಾಲಿ ಹಾಳೆ ಕೊಟ್ಟೆವು, ಹೆಸರು ಬೇಡ. ಅರ್ಜಿಯ ಬಗ್ಗೆ ಬರೆಯಲಿಲ್ಲ, ಯಾಕಂದರೆ ಆಕೆ ಯಾರು ಅಂತ ಮಹಡಿಮಹಡಿಗೆ ಸಾರುವ ಹಕ್ಕು ನಮಗಿಲ್ಲ. ‘ಈ ಕಟ್ಟಡದೊಳಗೆ ನಿಮಗೆ ಎಲ್ಲಿ, ಯಾವಾಗ ಹೆದರಿಕೆ ಆಗುತ್ತೆ’ ಅಂತ ಮಾತ್ರ ಕೇಳಿದೆವು.

ಹಾಳೆಗಳು ಬಂದವು. ಎರಡನೇ ಮಹಡಿಯ ಮೂರನೇ ಬಚ್ಚಲಿನ ಚಿಲಕ ಬೀಳೋಲ್ಲ. ಬಚ್ಚಲಿನ ಗಾಳಿಕಿಂಡಿ ಪಕ್ಕದ ಕಟ್ಟಡದ ಮೆಟ್ಟಿಲಿಗೆ ಕಾಣುತ್ತೆ. ನೀರಿನ ಪಂಪು ನೋಡುವವನು, ಕರೆಂಟಿನವನು, ಕೊನೆಗೆ ಮೇಲ್ವಿಚಾರಕಿಯ ಮನೆಯವರು ಕೂಡ ಕೂಗದೇ ಹೇಳದೇ ಮಹಡಿ ಹತ್ತುತ್ತಾರೆ. ಕೊನೆಯದನ್ನು ಒಂಬತ್ತು ಜನ ಬರೆದಿದ್ದರು! ‘ಮಹಿಳೆಯರಿಗೆ ಮಾತ್ರ’ ಅಂತ ಹೊರಗೆ ಬೋರ್ಡು ಹಾಕಿ, ಒಳಗೆ ಇಷ್ಟು ವರ್ಷದಿಂದ ಗಂಡಸರು ಚಪ್ಪಲಿ ಬಿಡದೇ ಓಡಾಡುತ್ತಿದ್ದದ್ದು ನಮ್ಮ ಏಳು ಜನರ ಕಣ್ಣಿಗೆ ಬಿದ್ದಿರಲಿಲ್ಲ. ಅರ್ಜಿಯ ವಿರುದ್ಧ ಇದ್ದ ಮೂವರಲ್ಲಿ ಒಬ್ಬರ ಗಂಡ ಆ ಕರೆಂಟಿನವರು. (ಅವರು ಒಳ್ಳೆಯವರೇ. ವಿಷಯ ಅದಲ್ಲ.)

ಒಂದು ಹಾಳೆಯಲ್ಲಿ ಮಾತ್ರ ಬೇರೆ ಬರೆದಿತ್ತು: ‘ಜೊತೆಗೆ ಕೋಣೆಯಲ್ಲಿ ಮಲಗುವವರು ಯಾರು ಅಂತ ನನಗೆ ಮೊದಲೇ ತಿಳಿಯಬೇಕು. ಆಯ್ಕೆ ನನ್ನದಾಗಿರಬೇಕು.’ ಯಾರು ಬರೆದದ್ದೋ ಗೊತ್ತಿಲ್ಲ. ಅದನ್ನು ಪಕ್ಕಕ್ಕೆ ಇಡಲಾಗಲಿಲ್ಲ, ಇಡಬಾರದು ಕೂಡ.

ಅರ್ಜಿ ಹಾಕಿದವರನ್ನು ಕರೆದು ಮಾತಾಡಿದೆವು. ದೇಹದ ಬಗ್ಗೆ ಒಂದು ಪ್ರಶ್ನೆಯೂ ಕೇಳಬಾರದು ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆವು. ಪಂಚಾಯ್ತಿ ಅನ್ನಿಸಬಾರದು ಅಂತ ಇಬ್ಬರೇ ಕೂತೆವು. ಒಬ್ಬರೇ ಇರುವ ಕೋಣೆ ಖಾಲಿಯಿದ್ದರೆ ಅದೇ ಸಾಕು ಅಂತ ಅವರೇ ಕೇಳಿದರು. ಎಲ್ಲರಿಗಿಂತ ಹೆಚ್ಚು ಹೆದರಿದ್ದವರು ಅವರೇ ಅಂತ ಆಗ ಗೊತ್ತಾಯ್ತು. ಎದ್ದು ಹೋಗುವಾಗ ‘ಬಚ್ಚಲಿಗೆ ಒಳಚಿಲಕ ಇದೆಯಾ?’ ಅಂತ ಕೇಳಿದರು. ಹಾಳೆಗಳಲ್ಲಿ ಬಂದ ಅದೇ ಪ್ರಶ್ನೆ.

ನಾನು ಕೈ ಎತ್ತಿದೆ. ನಾಲ್ಕು ಮೂರು. ಮೂವರೂ ಈಗಲೂ ಮೂವರೇ. ಒಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಗೆರೆದಾಟಬೇಡಿ:
ಒಂಟಿ ಕೋಣೆ ಖಾಲಿ ಇರದಿದ್ದರೆ? ಆಗ ಆ ಹಾಳೆ ಬರೆದವಳ ಮಾತು ಉಳಿಯುತ್ತಿತ್ತಾ?

ಹೊಸ್ತಿಲು:
ಗೊತ್ತಿಲ್ಲ. ಈ ಸಲ ಖಾಲಿ ಇತ್ತು. ಇನ್ನೊಂದು ಅರ್ಜಿ ಬಂದಾಗ ಮತ್ತೆ ಕೂರಬೇಕು.

ಎರಡುಚಿಲಕ:
ನನ್ನ ಆಶ್ರಯದ ವಿಷಯದಲ್ಲಿ ನನ್ನ ಮಾತು ಹಾಗೇ ಇದೆ, ಬದಲಾಗಿಲ್ಲ. ಆದರೆ ವಸತಿಗೃಹ ಬೇರೆ, ಆಶ್ರಯ ಬೇರೆ ಅಂತ ಮೊದಲು ಯೋಚಿಸಿರಲಿಲ್ಲ. ಹಾಳೆ ಕೊಟ್ಟಿರಲ್ಲ, ಅದಕ್ಕೆ ಥ್ಯಾಂಕ್ಸ್.

ಸಂಜೆಮಲ್ಲಿಗೆ:
ಅವರಿಗೆ ತಿಳಿಸಿದಿರಾ?

ಹೊಸ್ತಿಲು:
ಹ್ಞಾಂ, ಮೊನ್ನೆಯೇ. ಭಾನುವಾರ ಬರ್ತಾರೆ. ಅಷ್ಟರೊಳಗೆ ಹನ್ನೆರಡು ಬಚ್ಚಲಿಗೂ ಹೊಸ ಚಿಲಕ ಹಾಕಿಸ್ತಿದ್ದೀವಿ, ಗಾಳಿಕಿಂಡಿಗೆ ಮಬ್ಬುಗಾಜು. ಬಡಗಿ ಗುರುವಾರ ಹತ್ತು ಗಂಟೆಗೆ ಬರ್ತಾನೆ. ಬರುವ ಹೊತ್ತು, ಹೋಗುವ ಹೊತ್ತು ಎರಡನ್ನೂ ಕೆಳಗಿನ ಬೋರ್ಡಿನಲ್ಲಿ ಬರೆದು ಹಾಕಿದ್ದೇವೆ.